ಬಾವಿಯ ತಳದ ಬೆಳಕು: ಮರಾಕೆಶ್‌ನ ಹಳೆ ಅಂಗಳದ ಮನೆಯೊಳಗಿನ ಕೆಫೆಯನ್ನು ಫೋಟೋ ತೆಗೆಯುವ ಕ್ರಮ

ಮೊರಾಕ್ಕೊದ ಮರಾಕೆಶ್‌ನ ಹಳೆ ಊರಿನ ಮನೆಗಳಿಗೆ ಬೀದಿಯ ಕಡೆ ಮುಖವೇ ಇಲ್ಲ. ಕೆಮ್ಮಣ್ಣಿನ ಬಣ್ಣದ ಬೋಳು ಗೋಡೆ, ಅದರಲ್ಲೊಂದು ಮೊಳೆ ಬಡಿದ ಮರದ ಬಾಗಿಲು, ಅಷ್ಟೇ. ಕಿಟಕಿ, ಕಂಬ, ಕೆತ್ತನೆ, ಗಿಡ, ನೀರು ಎಲ್ಲವೂ ಒಳಗಿನ ಅಂಗಳದತ್ತ ತಿರುಗಿ ನಿಂತಿವೆ. ಅಂಗಳದಲ್ಲಿ ನಾಲ್ಕು ಪಾತಿಯ ತೋಟವೂ ನಡುವೆ ಕಾರಂಜಿಯೂ ಇದ್ದರೆ ಅದು ರಿಯಾದ್. ತೋಟವಿಲ್ಲದೆ ಬರೀ ಅಂಗಳವಿರುವ ಚಿಕ್ಕ ಮನೆ ದಾರ್. ಈಗ ಹೋಟೆಲೋ ಕೆಫೆಯೋ ಆಗಿರುವ ಎಲ್ಲವನ್ನೂ ಪ್ರವಾಸಿಗರು ರಿಯಾದ್ ಎಂದೇ ಕರೆಯುತ್ತಾರೆ.

ಇಂಥ ಮನೆಯನ್ನು ಕಟ್ಟಿದವರ ಗುರಿ ಒಂದೇ: ಬಿಸಿಲನ್ನು ಹೊರಗಿಡುವುದು. ಕ್ಯಾಮೆರಾ ಹಿಡಿದು ಒಳಬಂದವರು ಮೊದಲು ಮಾಡುವ ತಪ್ಪು ಬಿಸಿಲನ್ನೇ ಹುಡುಕುವುದು. ಅಂಗಳಕ್ಕೆ ಬಿಸಿಲು ನೇರವಾಗಿ ಇಳಿದಿರುವ ಹೊತ್ತು ಚಿತ್ರಕ್ಕೆ ಅತಿ ಕೆಟ್ಟ ಹೊತ್ತು. ಒಂದು ಗೋಡೆಯ ಮೇಲ್ಭಾಗಕ್ಕೆ ಮಾತ್ರ ಬಿಸಿಲು ಬಡಿದು, ಆ ಗೋಡೆಯೇ ದೊಡ್ಡ ದೀಪದಂತೆ ಕೆಳಗಿನ ನೆರಳಿಗೆ ಬೆಳಕು ಚೆಲ್ಲುವ ಹೊತ್ತು ಬೇರೆ ಇದೆ. ಈ ಲೇಖನದ ಬಹುಪಾಲು ಆ ಹೊತ್ತನ್ನು ಲೆಕ್ಕ ಹಾಕಿ ಹಿಡಿಯುವ ಬಗೆಯ ಬಗ್ಗೆ.

ನಮ್ಮ ತೊಟ್ಟಿ ಮನೆಯ ಫೋಟೋ ತೆಗೆದು ಅಭ್ಯಾಸವಿರುವವರಿಗೆ ಒಂದು ಎಚ್ಚರಿಕೆ. ತೊಟ್ಟಿಯಲ್ಲಿ ಹೆಂಚಿನ ಸೂರು ಒಳಕ್ಕೆ ಇಳಿದು ತಗ್ಗಾಗಿ ನಿಲ್ಲುತ್ತದೆ, ಬೆಳಕು ಸೂರಿನ ಅಂಚಿನಲ್ಲೇ ಕತ್ತರಿಸಿ ಬೀಳುತ್ತದೆ. ರಿಯಾದ್‌ನಲ್ಲಿ ಎರಡು ಅಂತಸ್ತಿನ ಗೋಡೆ ನೆಟ್ಟಗೆ ಎದ್ದಿರುತ್ತದೆ. ಅಲ್ಲಿ ನೀವು ನಿಲ್ಲುವುದು ಒಂದು ಚೌಕದ ಬಾವಿಯ ತಳದಲ್ಲಿ.

ಮೊದಲು ಯಾವ ಮನೆ, ಯಾರ ಅನುಮತಿ

ಮರಾಕೆಶ್‌ನ ಹಳೆ ಊರು 1985ರಲ್ಲಿ, ಅದೇ ದೇಶದ ಇನ್ನೊಂದು ನಗರ ಫೆಸ್‌ನ ಹಳೆ ಊರು 1981ರಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿ ಸೇರಿದವು. ಎರಡೂ ಕಡೆ ಜೀರ್ಣೋದ್ಧಾರವಾದ ಮನೆಯೊಳಗಿನ ಕೆಫೆಗಳಿವೆ. ಮರಾಕೆಶ್‌ನ ದಾರ್ ಶರೀಫಾ ಸಾದಿ ಅರಸರ (16-17ನೇ ಶತಮಾನ) ಕಾಲದ ಮನೆ. ಎತ್ತರದ ಕಂಬ, ಕೆತ್ತಿದ ಮರದ ತೊಲೆ, ಹೆಚ್ಚು ಅಲಂಕಾರವಿಲ್ಲದ ಬಿಳಿ ಅಂಗಳ. ಕಲಿಯಲು ಇಂಥ ಸರಳ ಮನೆಯೇ ಒಳ್ಳೆಯದು. ದಾರ್ ಎಲ್ ಬಾಷಾ ಇದಕ್ಕೆ ತದ್ವಿರುದ್ಧ. 1910ರಲ್ಲಿ ಕಟ್ಟಿದ, ಮರಾಕೆಶ್‌ನ ಪಾಷಾ (ಆಡಳಿತಗಾರ) ಥಾಮಿ ಎಲ್ ಗ್ಲಾವಿಯ ಅರಮನೆ ಅದು. ಈಗ ಮ್ಯೂಸಿಯಂ, ಒಳಗೆ ಕಾಫಿ ಮನೆ. ಒಂದಿಂಚೂ ಬಿಡದೆ ಅಲಂಕಾರ, ಜನರ ಸಾಲು. ಅಲ್ಲಿ ನೆಮ್ಮದಿಯಾಗಿ ಟ್ರೈಪಾಡ್ ಬಿಚ್ಚುವ ಕನಸು ಬೇಡ. ಫೆಸ್‌ನ ಕೆಫೆ ಕ್ಲಾಕ್‌ನಂಥ ಮನೆಗಳಲ್ಲಿ ಅಂಗಳ ಇನ್ನೂ ಇಕ್ಕಟ್ಟು, ಗೋಡೆ ಇನ್ನೂ ಎತ್ತರ. ಬೆಳಕು ಮರಾಕೆಶ್‌ಗಿಂತ ಒಂದೆರಡು ಸ್ಟಾಪ್ (ಒಂದು ಸ್ಟಾಪ್ ಕಡಿಮೆ ಎಂದರೆ ಬೆಳಕು ಅರ್ಧ) ಕಡಿಮೆ ಎಂದೇ ಎಣಿಸಿ ಹೋಗಿ.

ಟೇಬಲ್ ಮೇಲಿನ ಚಹಾದ ಫೋಟೋ ಫೋನಿನಲ್ಲಿ ತೆಗೆಯುವುದಕ್ಕೆ ಯಾರೂ ಏನೂ ಅನ್ನುವುದಿಲ್ಲ. ಟ್ರೈಪಾಡ್, ಲೈಟು, ಪ್ರಕಟಣೆಗೆ ಬೇಕಾದ ಚಿತ್ರ ಎಂದರೆ ಮಾಲೀಕರೊಡನೆ ಮೊದಲೇ ಮಾತಾಡಬೇಕು. ಕೇಳಬೇಕಾದದ್ದು ಇಷ್ಟು: ಬಾಗಿಲು ತೆರೆಯುವ ಮೊದಲು ಒಂದೂವರೆ ಗಂಟೆ, ಸಂಜೆ ದೀಪ ಹಚ್ಚುವ ಹೊತ್ತಿನಲ್ಲಿ ಇನ್ನೊಂದು ಗಂಟೆ, ಕಾರಂಜಿಯ ಪಂಪು ಹಾಗೂ ದೀಪಗಳ ಸ್ವಿಚ್ಚು ಎಲ್ಲಿದೆಯೆಂದು ಗೊತ್ತಿರುವ ಒಬ್ಬ ಸಿಬ್ಬಂದಿ. ಮೂರನೆಯದನ್ನು ಹೆಚ್ಚಿನವರು ಕೇಳುವುದನ್ನೇ ಮರೆಯುತ್ತಾರೆ, ಆಮೇಲೆ ಅರ್ಧ ಗಂಟೆ ಸ್ವಿಚ್ಚು ಹುಡುಕುತ್ತಾರೆ. ಚಿತ್ರಗಳನ್ನು ಎಲ್ಲಿ ಬಳಸುತ್ತೀರಿ ಎಂಬುದನ್ನು ಎರಡು ಸಾಲಿನಲ್ಲಿ ಬರೆದು ಇಬ್ಬರೂ ಸಹಿ ಹಾಕಿ.

ಡ್ರೋನ್ ತರಲೇಬೇಡಿ. ಮುಂಚಿತ ಅನುಮತಿಯಿಲ್ಲದೆ ಮೊರಾಕ್ಕೊಗೆ ಡ್ರೋನ್ ತಂದರೆ ವಿಮಾನ ನಿಲ್ದಾಣದ ಕಸ್ಟಮ್ಸ್‌ನಲ್ಲೇ ಇಟ್ಟುಕೊಳ್ಳುತ್ತಾರೆ. ಪೊಲೀಸರು, ಸೈನಿಕರು, ಅರಮನೆಯ ಕಾವಲು ಇವರತ್ತ ಕ್ಯಾಮೆರಾ ತಿರುಗಿಸಬೇಡಿ. ಅಡುಗೆಮನೆಯವರನ್ನೋ ಚಹಾ ಸುರಿಯುವವರನ್ನೋ ತೆಗೆಯುವ ಮುನ್ನ ‘ಮುಮ್ಕಿನ್ ತಸ್ವೀರಾ?’ ಎಂದು ಕೇಳಿದರೆ ಸಾಕು, ಒಂದು ಫೋಟೋ ಆಗಬಹುದೇ ಎಂದು ಅರ್ಥ. ‘ವಾಖಾ’ ಎಂದರೆ ಆಗಲಿ. ‘ಲಾ’ ಎಂದರೆ ಅಲ್ಲಿಗೆ ಬಿಡಿ, ಎರಡನೇ ಸಲ ಕೇಳಬೇಡಿ.

ರಂಜಾನ್ ತಿಂಗಳಲ್ಲಿ ಬಹಳಷ್ಟು ಕೆಫೆಗಳು ಹಗಲಿನಲ್ಲಿ ಮುಚ್ಚಿರುತ್ತವೆ. ಖಾಲಿ ಕಟ್ಟಡದ ಚಿತ್ರ ಮಾತ್ರ ಬೇಕಿದ್ದರೆ ಅದು ಅನುಕೂಲವೇ. ಊಟ, ಚಹಾ, ಜನ ಬೇಕಿದ್ದರೆ ಬೇರೆ ತಿಂಗಳು ನೋಡಿ. ಶುಕ್ರವಾರ ಮಧ್ಯಾಹ್ನ ಪ್ರಾರ್ಥನೆ, ಮನೆಯ ಕುಸ್‌ಕುಸ್ ಊಟ ಎರಡೂ ಸೇರಿ ಸಿಬ್ಬಂದಿ ಸಿಗುವುದು ಕಷ್ಟ. ಇನ್ನೊಂದು ಮಾತು: 2023ರ ಸೆಪ್ಟೆಂಬರ್ 8ರ ಭೂಕಂಪದಲ್ಲಿ ಹಳೆ ಊರಿನ ಎಷ್ಟೋ ಮನೆಗಳಿಗೆ ಪೆಟ್ಟು ಬಿದ್ದಿತ್ತು. ಗೋಡೆಗೆ ಮರದ ಆಸರೆ, ಸಾರುವೆ ಇದೆಯೇ ಎಂದು ಹೋಗುವ ಮೊದಲೇ ಕೇಳಿಕೊಳ್ಳಿ.

ಬಿಸಿಲಿನ ಲೆಕ್ಕ

ಮರಾಕೆಶ್ ಇರುವುದು ಹೆಚ್ಚುಕಡಿಮೆ 31.6 ಡಿಗ್ರಿ ಉತ್ತರ, 8 ಡಿಗ್ರಿ ಪಶ್ಚಿಮದಲ್ಲಿ. ಮೊರಾಕ್ಕೊ 2018ರಿಂದ ವರ್ಷವಿಡೀ ಗ್ರೀನ್‌ವಿಚ್‌ಗಿಂತ ಒಂದು ಗಂಟೆ ಮುಂದಿನ ಸಮಯ ಇಟ್ಟುಕೊಂಡಿದೆ, ರಂಜಾನ್‌ನಲ್ಲಿ ಮಾತ್ರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಹಾಗಾಗಿ ಸೂರ್ಯ ನೆತ್ತಿಗೆ ಬರುವುದು ಗಡಿಯಾರದ 12ಕ್ಕಲ್ಲ, ಸುಮಾರು ಒಂದೂವರೆಗೆ. ಫೆಬ್ರವರಿ ಮಧ್ಯದಲ್ಲಿ 1.45ರ ಹೊತ್ತಿಗೆ, ನವೆಂಬರ್ ಮೊದಲಲ್ಲಿ 1.15ರ ಹೊತ್ತಿಗೆ. 12 ಗಂಟೆಗೆ ನಡು ಹಗಲು ಮುಗಿಯಿತೆಂದು ಎರಡು ಗಂಟೆಗೆ ಟ್ರೈಪಾಡ್ ಹಿಡಿದು ಬಂದವರು ಅತಿ ಉಗ್ರ ಬಿಸಿಲಿಗೆ ಸಿಕ್ಕಿಬೀಳುತ್ತಾರೆ.

ಈಗ 8 ಮೀಟರ್ ಅಗಲದ ಅಂಗಳ, 8 ಮೀಟರ್ ಎತ್ತರದ ಗೋಡೆ ಎಂದು ಇಟ್ಟುಕೊಳ್ಳಿ. ಜೂನ್ ಕೊನೆಯಲ್ಲಿ ನಡು ಹಗಲಿನ ಸೂರ್ಯ ಸುಮಾರು 82 ಡಿಗ್ರಿ ಎತ್ತರದಲ್ಲಿರುತ್ತಾನೆ; ದಕ್ಷಿಣದ ಗೋಡೆಯ ನೆರಳು ಒಂದು ಮೀಟರ್ ಚಿಲ್ಲರೆ ಮಾತ್ರ, ಉಳಿದ ನೆಲವೆಲ್ಲ ಬಿಸಿಲು. ಮಾರ್ಚ್ ಮತ್ತು ಸೆಪ್ಟೆಂಬರ್ ಕೊನೆಯ ಭಾಗದಲ್ಲಿ 58 ಡಿಗ್ರಿ. ನೆರಳು ಸುಮಾರು 5 ಮೀಟರ್, ಉತ್ತರದ ಕಡೆಯ ಮೂರು ಮೀಟರ್ ಪಟ್ಟಿಗೆ ಮಾತ್ರ ಬಿಸಿಲು. ಡಿಸೆಂಬರ್‌ನಲ್ಲಿ 35 ಡಿಗ್ರಿ. ಬಿಸಿಲು ನೆಲವನ್ನು ಮುಟ್ಟುವುದೇ ಇಲ್ಲ, ಉತ್ತರದ ಗೋಡೆಯ ಮೇಲೆ ಎರಡೂವರೆ ಮೀಟರ್‌ಗಿಂತ ಎತ್ತರಕ್ಕಷ್ಟೇ ಬೀಳುತ್ತದೆ. ನವೆಂಬರ್‌ನಿಂದ ಜನವರಿವರೆಗೆ ಇಡೀ ದಿನ ಕೆಲಸ ಮಾಡಬಹುದು ಎನ್ನುವುದಕ್ಕೆ ಇದೇ ಕಾರಣ. ಬೇಸಿಗೆಯಲ್ಲಿ ಬೆಳಿಗ್ಗೆ, ಸಂಜೆ ಬಿಟ್ಟು ಬೇರೆ ದಾರಿಯಿಲ್ಲ.

ನಿಮ್ಮ ಅಂಗಳದ ಅಳತೆ ಬೇರೆ ಇರುತ್ತದೆ. ಹೆಜ್ಜೆ ಹಾಕಿ ಅಗಲ ಅಳೆಯಿರಿ, ಎತ್ತರಕ್ಕೆ ಒಂದು ಅಂತಸ್ತಿಗೆ ನಾಲ್ಕು ಮೀಟರ್ ಎಂದು ಅಂದಾಜು ಮಾಡಿ, ಫೋನಿನ ದಿಕ್ಸೂಚಿಯಲ್ಲಿ ಉತ್ತರ ಯಾವುದೆಂದು ನೋಡಿ, ಸೂರ್ಯನ ಸ್ಥಾನ ತೋರಿಸುವ ಯಾವುದಾದರೂ ಆ್ಯಪ್‌ನಲ್ಲಿ ದಿನಾಂಕ ಹಾಕಿ. ಹತ್ತು ನಿಮಿಷದ ಕೆಲಸ.

ಬೆಳಿಗ್ಗೆ ಪಶ್ಚಿಮದ ಗೋಡೆಯ ಮೇಲ್ತುದಿಗೆ ಬಿಸಿಲು ಬೀಳುತ್ತದೆ, ಅಲ್ಲಿಂದ ಚೆಲ್ಲಿದ ಬೆಳಕು ಪೂರ್ವದ ಪಡಸಾಲೆಯನ್ನು ತುಂಬುತ್ತದೆ. ಆಗ ಟೇಬಲ್ಲು, ತಟ್ಟೆ, ಜನ ಎಲ್ಲ ಪೂರ್ವದ ಬದಿಯಲ್ಲಿರಲಿ. ಮಧ್ಯಾಹ್ನದ ಮೇಲೆ ಇದು ಅದಲುಬದಲು. ಅಕ್ಟೋಬರ್ ಮಧ್ಯದಲ್ಲಿ ಸೂರ್ಯೋದಯ ಸುಮಾರು 7.35ಕ್ಕೆ, ಸೂರ್ಯಾಸ್ತ ಸುಮಾರು 7ಕ್ಕೆ. ಆ ತಿಂಗಳಿಗೆ ಬೆಳಿಗ್ಗೆ 9ರಿಂದ 10.30, ಸಂಜೆ 4.30ರಿಂದ 6 ಒಳ್ಳೆಯ ಹೊತ್ತು. ಬಾಗಿಲು ತೆರೆಯುವ ಮೊದಲು ಎಂದು ಕೇಳಿಕೊಂಡದ್ದು ಇದಕ್ಕೇ.

ಅಂಗಳದ ಮೇಲೆ ಬಟ್ಟೆಯ ಚಪ್ಪರ ಎಳೆಯುವ ಮನೆಗಳುಂಟು. ಬಟ್ಟೆ ಬಿಳಿಯದಾದರೆ ನಡು ಹಗಲಲ್ಲೂ ಕೆಲಸ ಮಾಡಬಹುದು, ಆಕಾಶದಷ್ಟಗಲದ ಸಾಫ್ಟ್‌ಬಾಕ್ಸ್ (ಬೆಳಕನ್ನು ಮೃದುಗೊಳಿಸುವ ಪೆಟ್ಟಿಗೆ) ಪುಕ್ಕಟೆ ಸಿಕ್ಕಂತೆ. ಕೆಂಪೋ ಕಂದೋ ಆದರೆ ಸರಿಸಲು ಹೇಳಿ. ಆ ಬಣ್ಣ ಬಿಳಿ ಗಾರೆಯನ್ನೆಲ್ಲ ಹಿಡಿದುಬಿಡುತ್ತದೆ, ಎಡಿಟಿಂಗ್‌ನಲ್ಲಿ ಬಿಡಿಸುವುದು ಸುಲಭವಲ್ಲ.

ಚೀಲದಲ್ಲಿ ಏನಿರಬೇಕು

ಹಳೆ ಊರಿನ ಓಣಿಗಳಿಗೆ ಕಾರು ಬರುವುದಿಲ್ಲ. ಕತ್ತೆ, ಕೈಗಾಡಿ, ಮೋಪೆಡ್‌ಗಳ ನಡುವೆ ಹೊತ್ತು ನಡೆಯಬೇಕು, ಆದ್ದರಿಂದ ಚೀಲ ಐದು ಕೆಜಿ ದಾಟದಿರಲಿ. ದೊಡ್ಡ ಸೆನ್ಸರ್‌ನ ಫುಲ್‌ಫ್ರೇಮ್ ಕ್ಯಾಮೆರಾಕ್ಕೆ 24 ಮಿ.ಮೀ. ಸೇರಿರುವ ಒಂದು ವೈಡ್ ಝೂಮ್, 50 ಅಥವಾ 85 ಮಿ.ಮೀ.ನ ಒಂದು ಲೆನ್ಸ್. ಚಿಕ್ಕ ಸೆನ್ಸರ್‌ನ ಎಪಿಎಸ್-ಸಿ ಕ್ಯಾಮೆರಾ ಆದರೆ 16 ಮಿ.ಮೀ. ಮತ್ತು 35ರಿಂದ 56 ಮಿ.ಮೀ. ಕಟ್ಟಡದ ಚಿತ್ರವೇ ವೃತ್ತಿಯಾದವರಿಗೆ 24 ಮಿ.ಮೀ. ಟಿಲ್ಟ್-ಶಿಫ್ಟ್ (ಕ್ಯಾಮೆರಾ ಬಾಗಿಸದೆ ನೋಟವನ್ನು ಮೇಲಕ್ಕೆ ಸರಿಸುವ) ಲೆನ್ಸ್‌ಗೆ ಹಾಕಿದ ದುಡ್ಡು ಇಲ್ಲಿ ವಸೂಲಾಗುತ್ತದೆ. ರಬ್ಬರ್ ಕಾಲಿನ ಟ್ರೈಪಾಡ್ (ಮೊನೆ ಕಾಲು ಹಳೆ ಹಾಸಿನ ಹೊಳಪು ಪದರವನ್ನು ಎಬ್ಬಿಸುತ್ತದೆ), ಪೋಲರೈಸರ್ (ಪ್ರತಿಫಲ ತಗ್ಗಿಸುವ ಫಿಲ್ಟರ್), ಗ್ರೇ ಕಾರ್ಡ್ (ಬಣ್ಣ ಸರಿಪಡಿಸಲು ಹಿಡಿಯುವ ಬೂದು ಹಲಗೆ), ಮಡಚುವ ಬಿಳಿ ರಿಫ್ಲೆಕ್ಟರ್, ಒಂದು ಕಪ್ಪು ಬಟ್ಟೆ, ಮೈಕ್ರೊಫೈಬರ್ ಬಟ್ಟೆ, ಗಾಳಿ ಊದುವ ಬಲ್ಬು. ಊರಿನ ಧೂಳು ಹಿಟ್ಟಿನಷ್ಟು ನುಣುಪು. ಲೆನ್ಸ್ ಬದಲಾಯಿಸುವುದು ಓಣಿಯಲ್ಲಲ್ಲ, ಒಳಕೋಣೆಯಲ್ಲಿ.

ಭಾರತದಿಂದ ಹೋಗುವವರಿಗೆ: ಅಲ್ಲೂ 220 ವೋಲ್ಟ್, 50 ಹರ್ಟ್ಸ್. ತೆಳು ಎರಡು ಪಿನ್ನಿನ ನಮ್ಮ ಚಾರ್ಜರ್ ಅಲ್ಲಿನ ಸಾಕೆಟ್ಟಿಗೆ ಹೋಗುತ್ತದೆ, ದಪ್ಪ ಮೂರು ಪಿನ್ನಿನದು ಹೋಗುವುದಿಲ್ಲ, ಅಡಾಪ್ಟರ್ ಬೇಕು.

ಅಂಗಳದ ಮುಖ್ಯ ಚಿತ್ರ

ಇದೊಂದು ಚಿತ್ರಕ್ಕೆ ಅರ್ಧ ಗಂಟೆ ಮೀಸಲಿಡಿ.

ಅಂಗಳಕ್ಕೆ ತೆರೆದುಕೊಂಡು, ಉಳಿದ ಮೂರು ಕಡೆ ಗೋಡೆಯಿರುವ ಪಡಸಾಲೆಯೊಂದು ಹೆಚ್ಚಿನ ಮನೆಗಳಲ್ಲಿರುತ್ತದೆ. ಅದರ ಹಿಂದಿನ ಗೋಡೆಗೆ ಬೆನ್ನು ತಾಗಿಸಿ ನಿಲ್ಲಿ. ಎದುರಿನ ಗೋಡೆ ಆಗ ಸುಮಾರು ಹತ್ತೂವರೆ ಮೀಟರ್ ದೂರವಾಗುತ್ತದೆ. ಕ್ಯಾಮೆರಾ 1.3 ಮೀಟರ್ ಎತ್ತರದಲ್ಲಿ, ಮಟ್ಟಸವಾಗಿ, 24 ಮಿ.ಮೀ., ಫ್ರೇಮ್ ಉದ್ದುದ್ದ. ಆಗ ಸುಮಾರು 9 ಮೀಟರ್ ಎತ್ತರದವರೆಗೆ ಕಾಣುತ್ತದೆ: ಎಂಟು ಮೀಟರ್ ಗೋಡೆ ಪೂರ್ತಿ, ಮೇಲೆ ಒಂದು ತುಣುಕು ಆಕಾಶ. ಅದೇ ಲೆನ್ಸ್ ಅಡ್ಡ ಹಿಡಿದರೆ ಆರೂವರೆ ಮೀಟರ್‌ಗೆ ಕತ್ತರಿಸಿಹೋಗುತ್ತದೆ. ಆಗ ಎಲ್ಲರೂ ಮಾಡುವುದು ಕ್ಯಾಮೆರಾವನ್ನು ಮೇಲಕ್ಕೆ ಬಾಗಿಸುವುದು; ಕಂಬಗಳೆಲ್ಲ ಒಳಕ್ಕೆ ವಾಲಿ, ಮನೆ ಬೀಳುವಂತೆ ಕಾಣುತ್ತದೆ. ಬಾಗಿಸಬೇಡಿ. ಉದ್ದುದ್ದ ತೆಗೆದು ಕೆಳಗಿನ ಹೆಚ್ಚಿನ ನೆಲವನ್ನು ಆಮೇಲೆ ಕತ್ತರಿಸಿ, ಇಲ್ಲವೇ ಶಿಫ್ಟ್ ಲೆನ್ಸ್ ಬಳಸಿ.

20 ಮಿ.ಮೀ.ಗಿಂತ ಅಗಲದ ಲೆನ್ಸ್‌ನಲ್ಲಿ ಫ್ರೇಮಿನ ಅಂಚಿಗೆ ಬಂದ ಕಾರಂಜಿಯ ಬೋಗುಣಿ ಮೊಟ್ಟೆಯಾಕಾರ ತಾಳುತ್ತದೆ, ಹಾಸಿನ ನಕ್ಷತ್ರಗಳು ಎಳೆದಂತಾಗುತ್ತವೆ. ಮನೆ ಇದ್ದದ್ದಕ್ಕಿಂತ ಎರಡರಷ್ಟು ದೊಡ್ಡದಾಗಿಯೂ ಕಾಣುತ್ತದೆ. ಕೆಫೆಗೆ ಬಂದ ಗಿರಾಕಿ ‘ಇಷ್ಟೇನಾ?’ ಎನ್ನುತ್ತಾನೆ. ಆ ಬೇಸರ ಮಾಲೀಕರ ತಲೆಗೇ ಬರುತ್ತದೆ.

ಮಧ್ಯರೇಖೆ ಹಿಡಿಯುವಾಗ ಒಂದು ತೊಡಕು. ಹಳೆ ಮನೆಗಳು ಕಾಗದದ ಮೇಲಿನ ಚೌಕದಷ್ಟು ಸರಿಯಾಗಿ ಇರುವುದಿಲ್ಲ. ಕಾರಂಜಿ, ಎದುರಿನ ಬಾಗಿಲು, ಮೇಲಿನ ಕಮಾನು ಮೂರೂ ಒಂದೇ ಸಾಲಿಗೆ ಬರುವುದೇ ಅಪರೂಪ. ಎದುರಿನ ಬಾಗಿಲನ್ನು ನಡುವಿಗೆ ತಂದು, ಕಾರಂಜಿ ಎರಡು ಬೆರಳು ಆಚೀಚೆ ಆದರೆ ಆಗಲಿ ಎಂದು ಬಿಡಿ. ಕಣ್ಣು ಬಾಗಿಲಿನ ವಾಲು ಹಿಡಿಯುತ್ತದೆ, ಕಾರಂಜಿಯ ವಾಲನ್ನು ಕ್ಷಮಿಸುತ್ತದೆ.

ಇನ್ನು ಎಕ್ಸ್‌ಪೋಷರ್, ಅಂದರೆ ಚಿತ್ರಕ್ಕೆ ಬಿಡುವ ಬೆಳಕಿನ ಪ್ರಮಾಣ. ಬಿಸಿಲು ಬಿದ್ದ ನೆಲಕ್ಕೆ ಐಎಸ್‌ಒ (ಸೆನ್ಸರ್‌ನ ಸಂವೇದನೆ) 100, ಲೆನ್ಸ್‌ನ ಕಿಂಡಿ ಎಫ್/8ರಲ್ಲಿ ಸೆಕೆಂಡಿನ 1/500 ಸಾಕು. ನೆರಳಿನ ಪಡಸಾಲೆಗೆ 1/8 ಬೇಕು. ಒಳಕೋಣೆಯ ಮೂಲೆಗೆ ಪೂರ್ತಿ ಒಂದು ಸೆಕೆಂಡ್. ಅಂದರೆ ಒಂದೇ ಫ್ರೇಮಿನಲ್ಲಿ ಒಂಬತ್ತು ಸ್ಟಾಪ್ ವ್ಯತ್ಯಾಸ. ಒಳಗೂ ಹೊರಗೂ ಎರಡೂ ಉಳಿಯುವ ಒಂದೇ ಎಕ್ಸ್‌ಪೋಷರ್ ಇಲ್ಲ. ಸರಿಯಾದ ಹೊತ್ತಿನಲ್ಲಿ, ನೆಲಕ್ಕೆ ಬಿಸಿಲಿಲ್ಲದಾಗ, ಎರಡೆರಡು ಸ್ಟಾಪ್ ಅಂತರದ ಮೂರು ರಾ (ಕ್ಯಾಮೆರಾ ಸಂಸ್ಕರಿಸದ) ಫ್ರೇಮ್ ತೆಗೆದು ಆಮೇಲೆ ಒಂದಾಗಿ ಬೆಸೆದರೆ ಸಾಕಾಗುತ್ತದೆ. ನಡು ಹಗಲಿಗೆ ಐದು ಬೇಕು, ಬೆಸೆದ ಮೇಲೂ ಚಿತ್ರ ಪ್ಲಾಸ್ಟಿಕ್ಕಿನಂತೆ ಕಾಣುತ್ತದೆ. ಅಪರ್ಚರ್ ಎಫ್/8, ಫೋಕಸ್ ಕಾರಂಜಿಯ ಮೇಲೆ, ಮ್ಯಾನುಯಲ್‌ಗೆ ಹಾಕಿ ಮುಟ್ಟಬೇಡಿ, ಎರಡು ಸೆಕೆಂಡಿನ ಟೈಮರ್.

ಬೆಸೆಯುವಾಗ ಕೆಡುವ ಮೂರು: ಕಿತ್ತಳೆ ಗಿಡದ ಎಲೆ, ಕಾರಂಜಿಯಲ್ಲಿ ತೇಲುವ ಗುಲಾಬಿ ಪಕಳೆ, ಹಕ್ಕಿ. ಎಲೆ ಅಲುಗಿದರೆ ಒಂದು ಫ್ರೇಮನ್ನೇ ಆಧಾರವಾಗಿಟ್ಟು ಗೋಸ್ಟ್ (ಅಲುಗಾಟದ ಜೋಡಿ ಬಿಂಬ) ತೆಗೆಯುವ ಆಯ್ಕೆ ಬಳಸಿ. ಪಕಳೆಗಳಿಗೆ ಪಂಪು ನಿಲ್ಲಿಸಿ ಐದು ನಿಮಿಷ ಕಾಯಿರಿ. ನೀರು ಕನ್ನಡಿಯಾಗುತ್ತದೆ, ಮೇಲಿನ ಆಕಾಶದ ಚೌಕ ಕೆಳಗೂ ಮೂಡುತ್ತದೆ. ಇದಕ್ಕಾಗಿಯೇ ಸ್ವಿಚ್ಚಿನ ಮನುಷ್ಯ ಬೇಕೆಂದದ್ದು. ಹಕ್ಕಿಯನ್ನು ಮಾತ್ರ ಓಡಿಸಬೇಡಿ. ಮರಾಕೆಶ್‌ನಲ್ಲಿ ತಿಬಿಬ್ತ್ ಎನ್ನುವ ಇಟ್ಟಿಗೆ ಬಣ್ಣದ ಪುಟ್ಟ ಹಕ್ಕಿ ಅಂಗಳಕ್ಕಿಳಿದು ಟೇಬಲ್ ಮೇಲಿನ ರೊಟ್ಟಿ ಚೂರು ಹೆಕ್ಕುತ್ತದೆ. ಕುರ್ಚಿಯ ಬೆನ್ನಿನ ಮೇಲೆ ಅದು ಕೂತ ಒಂದು ಚಿತ್ರಕ್ಕೆ 85 ಮಿ.ಮೀ. ಹಾಕಿಕೊಂಡು ಕಾಯುವುದು ಲಾಭದ ಕೆಲಸವೇ.

ಗೋಡೆಯನ್ನು ಕೆಳಗಿನಿಂದ ಮೇಲಕ್ಕೆ ಓದುವುದು

ಅಲಂಕಾರದ ಕ್ರಮ ಬಹುತೇಕ ಎಲ್ಲ ಮನೆಗಳಲ್ಲೂ ಒಂದೇ: ಕೆಳಗೆ ಝೆಲ್ಲಿಜ್, ಅದರ ಮೇಲೆ ಕೆತ್ತಿದ ಗಾರೆ, ಎಲ್ಲಕ್ಕಿಂತ ಮೇಲೆ ದೇವದಾರು ಮರ. ಮೂರಕ್ಕೂ ಬೇಕಾದ ಬೆಳಕು ಬೇರೆ ಬೇರೆ. ಒಂದೇ ಸೆಟ್ಟಿಂಗ್‌ನಲ್ಲಿ ಮೂರನ್ನೂ ತೆಗೆಯುತ್ತಾ ಹೋದರೆ ಮೂರೂ ಸಪ್ಪೆ.

ಝೆಲ್ಲಿಜ್ ಎಂದರೆ ಬಣ್ಣದ ಹೊಳಪು ಹಚ್ಚಿ ಸುಟ್ಟ ಮಣ್ಣಿನ ಬಿಲ್ಲೆಯನ್ನು ಸುತ್ತಿಗೆಯಿಂದ ಚಿಕ್ಕ ಚಿಕ್ಕ ಆಕಾರಕ್ಕೆ ಕಡಿದು ಜೋಡಿಸಿದ್ದು. ಹೊಳಪೇ ಇದರ ಸೊಗಸು, ಹೊಳಪೇ ಇದರ ಕಾಟ. ಆಕಾಶದ ಬಿಳಿ ಪ್ರತಿಫಲ ಅರ್ಧ ಬಣ್ಣ ನುಂಗುತ್ತದೆ. ನೆಲದ ಮೇಲ್ಮೈಗೆ ಸುಮಾರು 35 ಡಿಗ್ರಿ ಕೋನದಿಂದ ನೋಡುವಾಗ ಪೋಲರೈಸರ್ ಅತಿ ಹೆಚ್ಚು ಕೆಲಸ ಮಾಡುತ್ತದೆ, ಒಂದೂವರೆಯಿಂದ ಎರಡು ಸ್ಟಾಪ್ ಬೆಳಕು ತಿನ್ನುತ್ತದೆ. ಪೂರ್ತಿ ತಿರುಗಿಸಿ ಪ್ರತಿಫಲವನ್ನೆಲ್ಲ ಕೊಂದರೆ ಝೆಲ್ಲಿಜ್ ಬಣ್ಣದ ಕಾಗದದಂತೆ ಕಾಣುತ್ತದೆ. ಮುಕ್ಕಾಲು ಪಾಲಿಗೆ ನಿಲ್ಲಿಸಿ.

ಸಣ್ಣ ತುಂಡುಗಳ ಗೋಡೆಯನ್ನೂ ಮರದ ಜಾಲರಿಯನ್ನೂ ದೂರದಿಂದ ತೆಗೆದಾಗ ಚಿತ್ರದಲ್ಲಿ ಕಾಮನಬಿಲ್ಲಿನ ಅಲೆಗಳು ಏಳುವುದುಂಟು. ಮೊಯ್‌ರೆ ಎನ್ನುವುದು ಅದಕ್ಕೇ. ಮೊದಲು 100 ಪ್ರತಿಶತಕ್ಕೆ ಹಿಗ್ಗಿಸಿ ನೋಡಿ. ಅಲ್ಲಿ ಕಾಣದಿದ್ದರೆ ಅದು ಪರದೆಯ ಆಟ ಮಾತ್ರ. ಕಂಡರೆ ಅರ್ಧ ಮೀಟರ್ ಹಿಂದೆ ಮುಂದೆ ಸರಿಯಿರಿ, ಇಲ್ಲವೇ ಎಫ್/13ಕ್ಕೆ ಹೋಗಿ; ತುಸು ಚೂಪು ಕಳೆದುಕೊಂಡರೂ ಅಲೆ ಮಾಯವಾಗುತ್ತದೆ. ಆಮೇಲೆ ಸಾಫ್ಟ್‌ವೇರಿನಲ್ಲಿ ತೆಗೆಯುವಾಗ ಬಣ್ಣವೂ ಜೊತೆಗೆ ಹೋಗುತ್ತದೆ.

ಕೆತ್ತಿದ ಗಾರೆಗೆ ಗೆಬ್ಸ್ ಎನ್ನುತ್ತಾರೆ. ಇದಕ್ಕೆ ಓರೆ ಬೆಳಕು ಬೇಕೇ ಬೇಕು. ಗೋಡೆಯುದ್ದಕ್ಕೂ ಸವರಿಕೊಂಡು ಹೋಗುವ ಬಿಸಿಲು ದಿನಕ್ಕೆ ಹತ್ತು ಹದಿನೈದು ನಿಮಿಷ ಮಾತ್ರ ಸಿಗುತ್ತದೆ; ತೆಗೆಯುವ ವಸ್ತುವಿನ ಮೇಲೇ ಬಿಸಿಲು ಬೀಳಬೇಕೆಂದು ಹೇಳುವ ಒಂದೇ ಜಾಗ ಇದು. ಕ್ಯಾಮೆರಾ ಮೇಲಿನ ಫ್ಲಾಶ್ ಹಾಕಿದರೆ ಮೂರು ಸೆಂಟಿಮೀಟರ್ ಆಳದ ಕೆತ್ತನೆಯೂ ವಾಲ್‌ಪೇಪರ್ ಆಗಿಬಿಡುತ್ತದೆ. ಹೊಸ ಕೆಲಸಕ್ಕೂ ಹಳೆಯದಕ್ಕೂ ವ್ಯತ್ಯಾಸ ಈ ಓರೆ ಬೆಳಕಿನಲ್ಲೇ ಎದ್ದು ತೋರುತ್ತದೆ. ತಲೆಮಾರುಗಟ್ಟಲೆ ಸುಣ್ಣ ಬಳಿಸಿಕೊಂಡ ಹಳೆ ಕೆತ್ತನೆಯ ಅಂಚು ಮೊಂಡು, ಹೊಸದರದ್ದು ಚಾಕುವಿನಂತೆ.

ಮರ ಕತ್ತಲು. ದೇವದಾರಿನ ಚಾವಣಿಗೆ ಅಂಗಳದ ಬೆಳಕು ಕೆಳಗಿನಿಂದ ಬಡಿದು ಮೇಲೆ ಹೋಗುತ್ತದೆ, ಆದ್ದರಿಂದ ನೆಲಕ್ಕೆ ಬಿಸಿಲಿರುವ ನಡು ಹಗಲು ಇದಕ್ಕೆ ಒಳ್ಳೆಯದು. ಬೇರೇನೂ ತೆಗೆಯಲಾಗದ ಆ ಹೊತ್ತನ್ನು ಚಾವಣಿಗಳಿಗೆ ಇಡಿ. ಕ್ಯಾಮೆರಾವನ್ನು ನೆಲದ ಮೇಲೆ ಅಂಗಾತ ಮಲಗಿಸಿ, ಮೇಲೆ ಮುಖ ಮಾಡಿ, ಟೈಮರ್ ಹಾಕಿ, ಪಕ್ಕಕ್ಕೆ ಸರಿಯಿರಿ.

ತಡೆಲಾಕ್ಟ್ ಈ ಮೂರರ ಹೊರಗಿನದು. ಮರಾಕೆಶ್ ಸುತ್ತಿನ ಸುಣ್ಣದ ಗಾರೆಯನ್ನು ನದಿಕಲ್ಲಿನಿಂದ ಉಜ್ಜಿ, ಆಲಿವ್ ಎಣ್ಣೆಯ ಕಪ್ಪು ಸೋಪು ಹಚ್ಚಿ ನೀರು ಒಳಗಿಳಿಯದಂತೆ ಮಾಡಿದ ಗೋಡೆ. ಮೊದಲಿಗೆ ಹಮಾಮಿನ (ಸ್ನಾನದ ಮನೆಯ) ಗೋಡೆ ಅದು; ಈಗ ಕೆಫೆಗಳ ಕೌಂಟರ್, ಕೈತೊಳೆಯುವ ಜಾಗ ಎಲ್ಲಕ್ಕೂ ಬಂದಿದೆ. ಕಿಟಕಿಯ ಪಕ್ಕದ ಮಂದ ಬೆಳಕಿನಲ್ಲಿ ಕಲ್ಲು ಉಜ್ಜಿದ ಕೈಯ ಏರಿಳಿತ ಕಾಣಬೇಕು. ಇಲ್ಲಿ ಪೋಲರೈಸರ್ ಬಿಚ್ಚಿಡಿ, ಹೊಳಪು ಹೋದರೆ ಅದು ಬರೀ ಸಿಮೆಂಟು ಗೋಡೆ.

ಬಣ್ಣ

ನೆರಳಿನ ಅಂಗಳಕ್ಕೆ ನೀಲಿ ಆಕಾಶದ ಬೆಳಕು ಬರುತ್ತದೆ, 7,000 ಕೆಲ್ವಿನ್‌ಗೂ ಹೆಚ್ಚು (ಕೆಲ್ವಿನ್ ಬೆಳಕಿನ ಬಣ್ಣದ ಅಳತೆ, ಹೆಚ್ಚಾದಷ್ಟೂ ನೀಲಿ). ಬಿಸಿಲು ಬಡಿದ ಕೆಂಪು ಗೋಡೆಯಿಂದ ಗುಲಾಬಿ ಬೆಳಕು. ಬಾಳೆ, ಕಿತ್ತಳೆ ಎಲೆಗಳಿಂದ ಹಸಿರು. ಲ್ಯಾಂಪಿನಿಂದ 2,700 ಕೆಲ್ವಿನ್ ಹಳದಿ. ಆಟೊ ವೈಟ್ ಬ್ಯಾಲೆನ್ಸ್ (ಕ್ಯಾಮೆರಾ ತಾನೇ ಬಣ್ಣ ಸರಿದೂಗಿಸುವುದು) ಪ್ರತಿ ಫ್ರೇಮಿಗೂ ಬೇರೆ ತೀರ್ಪು ಕೊಡುತ್ತದೆ. ಪ್ರತಿ ಜಾಗದಲ್ಲೂ ಗ್ರೇ ಕಾರ್ಡ್ ಹಿಡಿದು ಒಂದು ಫ್ರೇಮ್ ತೆಗೆದುಕೊಳ್ಳಿ. ಹಗಲಿನಲ್ಲಿ ದೀಪಗಳನ್ನು ಆರಿಸಿಬಿಡಿ. ‘ದೀಪ ಉರಿದರೆ ಚೆಂದ’ ಎಂದು ಸಿಬ್ಬಂದಿ ಹೇಳಿಯೇ ಹೇಳುತ್ತಾರೆ, ಸಂಜೆ ಹಚ್ಚೋಣ ಎನ್ನಿ. ಗಿಡದ ಕೆಳಗೆ ಕೂತವರ ಮುಖಕ್ಕೆ ಹಸಿರು ಹೊಡೆದರೆ ಮಡಿಲಿನ ಮೇಲೊಂದು ಬಿಳಿ ನ್ಯಾಪ್ಕಿನ್ ಹಾಸಿಸಿ. ಸಾಕು.

ಕೆಂಪನ್ನು ಪೂರ್ತಿ ತೆಗೆಯಬೇಡಿ. ಗೋಡೆಯ ಗುಲಾಬಿ ತುಸು ಉಳಿದರೇ ಅದು ಮರಾಕೆಶ್.

ಚಹಾ, ತಿಂಡಿ

ಚೀನಾದಿಂದ ಬರುವ ಗನ್‌ಪೌಡರ್ ಹಸಿರು ಚಹಾ, ತಾಜಾ ಪುದೀನ, ಧಾರಾಳ ಸಕ್ಕರೆ. ಸುರಿಯುವುದು ಒಂದಡಿ ಎತ್ತರದಿಂದ. ಲೋಟದ ಮೇಲೆ ನೊರೆ ಕಟ್ಟಬೇಕು. ಆ ಧಾರೆಯನ್ನು ಹನಿಹನಿಯಾಗಿ ನಿಲ್ಲಿಸಲು 1/1000 ಬೇಕು. ನೆರಳಿನ ಪಡಸಾಲೆಯಲ್ಲಿ ಎಫ್/4ಕ್ಕೆ ಐಎಸ್‌ಒ 3200 ಆಗುತ್ತದೆ. ಟೇಬಲ್ಲನ್ನು ಅಂಗಳದ ಅಂಚಿಗೆ ಎಳೆದರೆ 800ಕ್ಕೆ ಇಳಿಯುತ್ತದೆ, ಎಳೆಯಿರಿ. ಬೆಳಕು ಧಾರೆಯ ಹಿಂದಿನಿಂದಲೋ ಪಕ್ಕದಿಂದಲೋ ಬರಲಿ, ಹಿನ್ನೆಲೆ ಕಪ್ಪಾಗಿರಲಿ. ಮರದ ಬಾಗಿಲೋ ಒಳ ಓಣಿಯ ಕತ್ತಲೋ. ಹಬೆಯೂ ಹೀಗೆಯೇ ಕಾಣುವುದು. ಜುಲೈ ತಿಂಗಳ ಒಣ ಸೆಖೆಯಲ್ಲಿ ಹಬೆ ಹುಡುಕಿ ಪ್ರಯೋಜನವಿಲ್ಲ, ಜನವರಿಯ ಬೆಳಿಗ್ಗೆ ಧಾರಾಳ. ಸುರಿಯುವವರಿಗೆ ಮೂರು ಸಲಕ್ಕಿಂತ ಹೆಚ್ಚು ಸುರಿಸಬೇಡಿ. ಸಾಲಾಗಿ ಫ್ರೇಮ್ ತೆಗೆಯುವ ಬರ್ಸ್ಟ್ ಮೋಡ್ ಇದೆಯಲ್ಲ.

ಬೆಳ್ಳಿ ಬಣ್ಣದ ಚಹಾ ಪಾತ್ರೆಯಲ್ಲಿ ಫೋಟೋಗ್ರಾಫರ್, ಟ್ರೈಪಾಡ್, ಅಂಗಳವೆಲ್ಲ ಕಾಣುತ್ತದೆ. ಲೋಹದ ಹೊಳಪಿಗೆ ಪೋಲರೈಸರ್ ನಡೆಯುವುದಿಲ್ಲ. 85 ಮಿ.ಮೀ. ಹಾಕಿ ದೂರ ಸರಿಯಿರಿ, ಕಪ್ಪು ಬಟ್ಟೆ ಹೊದ್ದುಕೊಳ್ಳಿ, ಪಾತ್ರೆಯನ್ನು ಸ್ವಲ್ಪ ತಿರುಗಿಸಿ ನಿಮ್ಮ ಬಿಂಬವನ್ನು ಹಿಡಿಕೆಯ ಹಿಂದೆ ಅಡಗಿಸಿ.

ಝೆಲ್ಲಿಜ್ ಮೇಲೆ ತಟ್ಟೆಯಿಟ್ಟು ನೆತ್ತಿಯಿಂದ ತೆಗೆದ ಚಿತ್ರಗಳು ಸಾಕಷ್ಟಾಗಿವೆ. ತಿಂಡಿ ಹಾಸಿನಲ್ಲಿ ಕಳೆದುಹೋಗುತ್ತದೆ. ಪದರ ಪದರದ ಚೌಕ ಮ್ಸೆಮೆನ್‌ಗೂ, ತೂತು ತೂತಿನ ಬಗ್ರೀರ್‌ಗೂ (ನಮ್ಮ ಸೆಟ್ ದೋಸೆ ನೆನಪಾಗದೆ ಇರದು) ಸಾದಾ ಮರದ ಹಲಗೆಯೋ ತಡೆಲಾಕ್ಟ್ ಕಟ್ಟೆಯೋ ಸಾಕು. ಬಗ್ರೀರ್‌ನ ತೂತುಗಳಿಗೆ ಪಕ್ಕದ ಬೆಳಕು; ಜೇನು ಬೆಣ್ಣೆ ಹೊಯ್ದ ಒಂದೆರಡು ನಿಮಿಷದಲ್ಲಿ ಹೀರಿಹೋಗುತ್ತದೆ, ಆದ್ದರಿಂದ ಫೋಕಸ್, ಎಕ್ಸ್‌ಪೋಷರ್ ಎಲ್ಲ ಮುಗಿಸಿ ಕೊನೆಗೆ ಹೊಯ್ಯಿಸಿ.

ಬಾಗಿಲಿನಿಂದ ಮಾಳಿಗೆಗೆ

ಬೀದಿ ಬಾಗಿಲಿನಿಂದ ಅಂಗಳ ನೇರ ಕಾಣುವುದಿಲ್ಲ. ದಾರಿಹೋಕರ ಕಣ್ಣು ಒಳಗೆ ಬೀಳದಿರಲೆಂದು ನಡುವೆ ಒಂದೆರಡು ತಿರುವಿನ ಕತ್ತಲೆ ಓಣಿ ಇಟ್ಟಿರುತ್ತಾರೆ. ಆ ಕತ್ತಲನ್ನು ಬಿಟ್ಟು ಅಂಗಳಕ್ಕೆ ನೆಗೆಯುವವರೇ ಹೆಚ್ಚು. ಬಾಗಿಲು, ಕತ್ತಲ ತಿರುವು, ತಿರುವಿನ ಕೊನೆಯಲ್ಲಿ ಬೆಳಕಿನ ಒಂದು ಸೀಳು: ಈ ಮೂರು ಫ್ರೇಮ್ ಇಲ್ಲದೆ ಅಂಗಳದ ಚಿತ್ರಕ್ಕೆ ಬೆಲೆಯಿಲ್ಲ. ಓಣಿಯಲ್ಲಿ ಎಕ್ಸ್‌ಪೋಷರನ್ನು ಅಂಗಳದ ಬೆಳಕಿಗೆ ಹೊಂದಿಸಿ, ಗೋಡೆಗಳು ಕಪ್ಪಾಗಲಿ ಬಿಡಿ.

ಮೇಲಿನ ಸುತ್ತುಪಡಸಾಲೆಯಿಂದ ಕೆಳಗೆ ನೋಡಿದರೆ ನಾಲ್ಕು ಪಾತಿಯ ವಿನ್ಯಾಸ ಪೂರ್ತಿ ಸಿಗುತ್ತದೆ. ಮೂಲೆಯಿಂದ ಕರ್ಣರೇಖೆಯಲ್ಲಿ ತೆಗೆಯಿರಿ, ಪಟ್ಟಿಯನ್ನು ಮಣಿಕಟ್ಟಿಗೆ ಸುತ್ತಿಕೊಳ್ಳಿ, ಲೆನ್ಸ್ ಕ್ಯಾಪು, ಹುಡ್ಡು ಜೇಬಿಗೆ. ಕೆಳಗೆ ಜನ ಕೂತಿರುತ್ತಾರೆ.

ಮಾಳಿಗೆಯಿಂದ 77 ಮೀಟರ್ ಎತ್ತರದ ಕುತುಬಿಯಾ ಮಸೀದಿಯ ಮಿನಾರು ಕಾಣಬಹುದು, ಚಳಿಗಾಲದಲ್ಲಿ ಅದರಾಚೆ ಹಿಮ ಹೊದ್ದ ಅಟ್ಲಾಸ್ ಬೆಟ್ಟಸಾಲು. ಪಕ್ಕದ ಮನೆಗಳ ಮಾಳಿಗೆಯತ್ತ ಮಾತ್ರ ಕ್ಯಾಮೆರಾ ಬೇಡ. ಈ ಊರಿನಲ್ಲಿ ಮಾಳಿಗೆ ಹಿಂದಿನಿಂದಲೂ ಹೆಂಗಸರ ಜಾಗ, ಬಟ್ಟೆ ಒಣಹಾಕುವ, ಮಾತಾಡಿಕೊಳ್ಳುವ ಖಾಸಗಿ ಅಂಗಳ. ಕೆಫೆಯವರಿಗೆ ನೆರೆಯವರೊಂದಿಗೆ ಜಗಳ ತಂದಿಡಬೇಡಿ.

ದೀಪ ಹಚ್ಚುವ ಹೊತ್ತು

ಜೂನ್ ಕೊನೆಯಲ್ಲಿ ಸೂರ್ಯಾಸ್ತ 8.40ಕ್ಕೆ, ಡಿಸೆಂಬರ್‌ನಲ್ಲಿ 6.30 ದಾಟಿ. ಆಮೇಲಿನ ಇಪ್ಪತ್ತೈದು ನಿಮಿಷದಲ್ಲಿ ಎಲ್ಲೋ ಒಂದೆಡೆ ಆಕಾಶದ ನೀಲಿಯೂ ಒಳಗಿನ ದೀಪವೂ ಒಂದೇ ತೂಕಕ್ಕೆ ಬರುತ್ತವೆ. ಬೆಳಿಗ್ಗೆ ನಿಂತ ಜಾಗದಲ್ಲೇ ಟ್ರೈಪಾಡ್ ಇಟ್ಟು, ಸೂರ್ಯಾಸ್ತಕ್ಕೆ ಹತ್ತು ನಿಮಿಷ ಮೊದಲೇ ದೀಪ ಹಚ್ಚಿಸಿ, ಮೂರು ನಿಮಿಷಕ್ಕೊಮ್ಮೆ ಒಂದು ಫ್ರೇಮ್ ತೆಗೆಯುತ್ತಾ ಹೋಗಿ. ಐಎಸ್‌ಒ 100, ಎಫ್/8, ಎರಡರಿಂದ ಎಂಟು ಸೆಕೆಂಡ್, ವೈಟ್ ಬ್ಯಾಲೆನ್ಸ್ 3,800 ಕೆಲ್ವಿನ್ ಆಸುಪಾಸು. ತೂತು ಕೊರೆದ ಹಿತ್ತಾಳೆ ಲ್ಯಾಂಪಿನ ನಕ್ಷತ್ರಗಳು ಗೋಡೆಯ ಮೇಲೆ ಚೂಪಾಗಿ ಬೀಳಬೇಕಿದ್ದರೆ ಒಳಗಿನ ಬಲ್ಬು ಪಾರದರ್ಶಕವಾಗಿ, ಚಿಕ್ಕದಾಗಿ ಇರಬೇಕು. ಹಾಲುಗಾಜಿನ ಎಲ್‌ಇಡಿಯಾದರೆ ಮಸಕು ಮೋಡವಷ್ಟೇ. ಅಗ್ಗದ ಎಲ್‌ಇಡಿ ಇದ್ದಲ್ಲಿ ಜನರ ಚಿತ್ರ ತೆಗೆಯುವಾಗ ಎಲೆಕ್ಟ್ರಾನಿಕ್ ಷಟರ್ ಪಟ್ಟೆ ಮೂಡಿಸುತ್ತದೆ. ಮೆಕ್ಯಾನಿಕಲ್‌ಗೆ ಬದಲಿಸಿ, 1/50 ಅಥವಾ 1/100 ಇಡಿ.

ಎಡಿಟಿಂಗ್

ಮೊದಲು ಲೆನ್ಸ್ ಪ್ರೊಫೈಲ್ (ಲೆನ್ಸ್‌ನ ದೋಷ ತಿದ್ದುವುದು), ಆಮೇಲೆ ಕಂಬಗಳನ್ನು ನೆಟ್ಟಗೆ ಮಾಡುವುದು, ಆಮೇಲೆ ಬಣ್ಣ. ಬೇರೆ ಬೇರೆ ಎಕ್ಸ್‌ಪೋಷರ್‌ನ ಫ್ರೇಮುಗಳನ್ನು ಬೆಸೆದಾಗ (ಎಚ್‌ಡಿಆರ್) ಮೇಲಿನ ಆಕಾಶದ ಚೌಕದ ಸುತ್ತ ಬಿಳಿ ಪ್ರಭೆ ಬಂದಿದ್ದರೆ ಹೈಲೈಟ್ ಕೆಳಗೆಳೆದದ್ದು ಹೆಚ್ಚಾಗಿದೆ ಎಂದರ್ಥ. ಆಕಾಶ ತುಸು ಬಿಳುಚಿಕೊಂಡರೂ ನಷ್ಟವಿಲ್ಲ. ಗೆಬ್ಸ್‌ನ ಬಿಳಿ 255ಕ್ಕೆ (0 ಕಪ್ಪು, 255 ಅಚ್ಚ ಬಿಳಿ) ಮುಟ್ಟದೆ 240ರ ಒಳಗಿರಲಿ, ಇಲ್ಲದಿದ್ದರೆ ಕೆತ್ತನೆ ಕರಗುತ್ತದೆ. ಸ್ಯಾಚುರೇಷನ್ ಪಟ್ಟಿಯನ್ನು ಮುಟ್ಟಬೇಡಿ, ಝೆಲ್ಲಿಜ್‌ಗೆ ಅದರ ಅಗತ್ಯವಿಲ್ಲ.

ಏನನ್ನು ಅಳಿಸಬೇಕೆಂಬ ಮಾತು ಮಾಲೀಕರಿಂದ ಬಂದೇ ಬರುತ್ತದೆ. ವೈರು, ಎಸಿ ಪೆಟ್ಟಿಗೆ, ಬೆಂಕಿ ಆರಿಸುವ ಸಿಲಿಂಡರು, ಮೂಲೆಯ ಪೊರಕೆ ಇವನ್ನು ಅಳಿಸಿಕೊಡಿ. ಇನ್ನೂ ಒಳ್ಳೆಯದೆಂದರೆ ತೆಗೆಯುವ ಮೊದಲೇ ಪೊರಕೆಯನ್ನು ಕೈಯಿಂದ ಎತ್ತಿಡಿ. ಹಳೆ ಝೆಲ್ಲಿಜ್‌ನ ಮುಕ್ಕಾದ ಹಸಿರು ತುಂಡು, ಅದರ ಪಕ್ಕ ಜೀರ್ಣೋದ್ಧಾರದವರು ಕೂರಿಸಿದ ಬೇರೆ ಛಾಯೆಯ ಹೊಸ ತುಂಡು, ಗಾರೆಯಲ್ಲಿ ಮುಚ್ಚಿದ ಬಿರುಕಿನ ಗೆರೆ ಇವನ್ನು ಮಾತ್ರ ಕ್ಲೋನ್ ಮಾಡಿ ಮುಚ್ಚಬೇಡಿ. ಮಾಲೀಕರು ಒಪ್ಪದಿದ್ದರೆ ಅದೇ ಜಾಗದ ಹತ್ತಿರದ ಚಿತ್ರವೊಂದನ್ನು ಬೇರೆಯಾಗಿ ತೆಗೆದು ಎರಡನ್ನೂ ಪಕ್ಕಪಕ್ಕ ತೋರಿಸಿ.